ಮಣೆಯ ಕೆಳಗಿನ ಆರು ಸಾಲು

ನನ್ನ ಹೆಂಡತಿ ಭಾಗೀರತಿ ತೀರಿಕೊಂಡ ಒಂಬತ್ತನೆಯ ದಿನ ಅವಳ ಸಾಲುಗಳು ಎದ್ದವು. ನಮ್ಮೂರಿನಲ್ಲಿ ಯಾರು ಸತ್ತರೂ ಒಂಬತ್ತನೆಯ ದಿನ ಬೆಳಿಗ್ಗೆ, ಅವರ ಕೈ ಅತಿ ಹೆಚ್ಚಾಗಿ ಮುಟ್ಟಿದ ವಸ್ತುವಿನ ಮೇಲೆ ಕೆಲವು ಸಾಲುಗಳು ಏಳುತ್ತವೆ. ಕ್ಷೌರದ ಮುನಿಸ್ವಾಮಿಗೆ ಕತ್ತಿ ಮಸೆಯುವ ಕಲ್ಲಿನ ಮೇಲೆ ಎದ್ದವು. ನೇಕಾರ ಗುರುಸಿದ್ದಪ್ಪನಿಗೆ ಲಾಳಿಯ ಮೇಲೆ ಎದ್ದವು; ಅಕ್ಷರ ಎಷ್ಟು ಸಣ್ಣದೆಂದರೆ ಭೂತಗನ್ನಡಿ ತರಿಸಬೇಕಾಯಿತು. ಊರ ಗೌಡರು ಕೊನೆಯ ಹತ್ತು ವರ್ಷ ಗಂಧದ ಕೋಲೊಂದನ್ನು ಕೈಬಿಡದೆ ಹಿಡಿದು ತಿರುಗಿದರು, ತಮ್ಮ ಸಾಲು ಅದರ ಮೇಲೇ ಏಳಲಿ ಎಂದು. ಎದ್ದದ್ದು ನಶ್ಯದ ಡಬ್ಬಿಯ ಮುಚ್ಚಳದಲ್ಲಿ. ಹೆಂಗಸರಲ್ಲಿ ಕೆಲವರು ಕೆಲಸದ ನಡುವೆ ಹೋಗಿ ಹೋಗಿ ದೇವರ ದೀಪದ ಕಂಬವನ್ನು ಮುಟ್ಟಿ ಬರುತ್ತಾರೆ. ಕೈಗೆ ತನ್ನ ಲೆಕ್ಕ ತನಗೆ ಗೊತ್ತು.

ನಾನು ಮೊದಲು ದೀಪದ ಕಂಬವನ್ನೇ ನೋಡಿದೆ. ಅಲ್ಲಿರಲಿಲ್ಲ. ಒಲೆಯ ಊದುಕೊಳವೆ, ಮಜ್ಜಿಗೆಯ ಕಡೆಗೋಲು, ಬಾವಿಯ ರಾಟೆ, ಒನಕೆ, ಎಲ್ಲವನ್ನೂ ತಿರುಗಿಸಿ ನೋಡಿದೆ. ನಮಗೆ ಮಕ್ಕಳಿಲ್ಲ; ಹುಡುಕುವವನು ನಾನೊಬ್ಬನೇ. ಕಡೆಗೆ ಆಯಾಸವಾಗಿ ಗೋಡೆಗೆ ಒರಗಿಸಿದ್ದ ಊಟದ ಮಣೆಯನ್ನು ಕೂರಲೆಂದು ಎಳೆದುಕೊಂಡಾಗ ಅದರ ಅಡಿಭಾಗ ಬೆಳಕಿಗೆ ತಿರುಗಿತು. ನಲವತ್ತಾರು ವರ್ಷ ನಾನು ಕೂತು ಉಂಡ ಹಲಸಿನ ಮಣೆ. ಅದನ್ನು ಹಾಕುವವಳು ಅವಳು, ಎತ್ತುವವಳು ಅವಳು, ಒರೆಸುವವಳು ಅವಳು. ಅದರ ಕೆಳಭಾಗ ಹೇಗಿದೆ ಎಂದು ನಾನು ಒಮ್ಮೆಯೂ ನೋಡಿರಲಿಲ್ಲ. ಅಲ್ಲಿ ಆರು ಸಾಲುಗಳಿದ್ದವು.

ನೀರು ಇಟ್ಟೆ, ನೀನು ಬರಲಿಲ್ಲ.
ಎಲೆ ಹಾಕಿದೆ, ನೀನು ಬರಲಿಲ್ಲ.
ಬಂದವರೆಲ್ಲ ಉಂಡು ಹೋದರು, ನೀನು ಬರಲಿಲ್ಲ.
ಬಾಗಿಲಿಗೆ ಬಂದ ನಾಯಿಯನ್ನು ನಿನ್ನ ಹೆಸರು ಕೇಳಿದೆ.
ನಾಳೆಗೂ ಒಂದು ಎಲೆ ಕೊಯ್ದಿಟ್ಟಿದ್ದೇನೆ.
ಈಗ ಎಲೆ ನಾನೇ, ಬಾ.

ಮೂರನೆಯ ಸಾಲು ಮುಗಿಯುವಷ್ಟರಲ್ಲಿ ನನ್ನ ಕಣ್ಣು ತುಂಬಿಬಂದಿತ್ತು. ಉಳಿದದ್ದನ್ನು ಓದಿದೆನೆಂದರೆ ಓದಿದೆ. ನಾನು ಹೀಗೆ ಅಳಲು ಕಾರಣವಿತ್ತು. ಅವಳು ಹೋದ ದಿನ ಬೆಳಿಗ್ಗೆ ನಾನು ಅಂಗವಸ್ತ್ರ ಹೊದ್ದು ಶಾಲೆಗೆ ಹೊರಟಾಗ, ಹಾಸಿಗೆಯಲ್ಲಿದ್ದ ಅವಳು, “ಇವತ್ತು ಮಧ್ಯಾಹ್ನ ಬರ್ತೀರಾ?” ಎಂದು ಕೇಳಿದ್ದಳು. ನಾನು ಮಧ್ಯಾಹ್ನ ಮನೆಗೆ ಬರುವವನಲ್ಲ. ಬುತ್ತಿ ಒಯ್ಯುತ್ತಿದ್ದೆ. ನಲವತ್ತಾರು ವರ್ಷದಲ್ಲಿ ಅವಳು ಹಾಗೆ ಕೇಳಿದ್ದು ಅದೊಂದೇ ಸಲ. “ತಿದ್ದೋದಿದೆ” ಎಂದು ಹೇಳಿ ಹೋದೆ. ನಾಲ್ಕು ಗಂಟೆಗೆ ಬಂದಾಗ ಅಡುಗೆಮನೆಯ ಹಿಂಬಾಗಿಲ ಬಳಿ ಗೋಡೆಗೆ ಒರಗಿ ಕೂತಿದ್ದಳು. ಮೈ ತಣ್ಣಗಾಗಿತ್ತು. ಹಾಸಿಗೆಯಿಂದ ಅಲ್ಲಿಗೆ ಹೇಗೆ ಹೋದಳೋ, ಏಕೆ ಹೋದಳೋ.

ನೀನು ಬರಲಿಲ್ಲ, ನೀನು ಬರಲಿಲ್ಲ, ನೀನು ಬರಲಿಲ್ಲ. ಇನ್ನು ಹೇಳುವುದೇನಿದೆ ಎಂದುಕೊಂಡೆ.

ನಮ್ಮೂರಿನ ಕಟ್ಟಳೆ ಹೀಗಿದೆ. ಸಾಲು ಎದ್ದ ಮನೆಯವರು ಅದನ್ನು ಓದಬಹುದು, ನಕಲು ಮಾಡಬಹುದು, ಅರ್ಥ ಹೇಳಬಾರದು. ಮನೆಯವರಿಗೆ ಸತ್ತವರ ವಿಷಯ ತುಂಬಾ ಗೊತ್ತಿರುತ್ತದೆ. ನಕಲನ್ನು ಶಾಲೆಗೆ ಕೊಡಬೇಕು. ಅದು ವಾರ್ಷಿಕ ಪರೀಕ್ಷೆಯ ಭಾಷಾಪತ್ರಿಕೆಯಲ್ಲಿ ನಾಲ್ಕನೆಯ ಪ್ರಶ್ನೆಯಾಗಿ ಬರುತ್ತದೆ: ‘ಈ ಕೆಳಗಿನ ಅಪರಿಚಿತ ಪದ್ಯವನ್ನು ಓದಿ ವಿವರಿಸಿ.’ ಸತ್ತವರ ಹೆಸರು ಹಾಕುವುದಿಲ್ಲ. ಎಲ್ಲಕ್ಕಿಂತ ಚೆನ್ನಾದ ಉತ್ತರವನ್ನು ಮೇಷ್ಟರು ಆ ಮನೆಗೆ ಒಯ್ದು, ಸಾಲು ಎದ್ದ ವಸ್ತುವಿನ ಮುಂದೆ ಗಟ್ಟಿಯಾಗಿ ಓದುತ್ತಾರೆ. ಓದು ಸರಿಯಾಗಿದ್ದರೆ ಸಾಲುಗಳು ಇಳಿದುಹೋಗುತ್ತವೆ, ಉಪ್ಪು ನೀರಿಗೆ ಇಳಿದ ಹಾಗೆ. ಸತ್ತವರು ಹೇಳಬೇಕಾದ್ದು ಮುಟ್ಟಿತು ಎಂದು ಮನೆಯವರು ಬೆಲ್ಲ ಹಂಚುತ್ತಾರೆ. ಸರಿಯಾಗಿಲ್ಲದಿದ್ದರೆ ಮುಂದಿನ ವರ್ಷದ ಪರೀಕ್ಷೆ. ಜ್ವರ ಬಂದು ಊರಿನಲ್ಲಿ ಹತ್ತಾರು ಜನ ಹೋದ ವರ್ಷ ‘ಯಾವುದಾದರೂ ಒಂದಕ್ಕೆ ಉತ್ತರಿಸಿ’ ಎಂದು ಅಚ್ಚು ಹಾಕಿಸಿದ್ದು ನನಗೆ ನೆನಪಿದೆ. ಗೌಡರ ನಶ್ಯದ ಡಬ್ಬಿಯ ಮೇಲೆ ‘ಕದ ಹಾಕಿದವನು ನಾನಲ್ಲ’ ಎಂಬ ಒಂದೇ ಸಾಲು ಇಪ್ಪತ್ತೆರಡು ವರ್ಷದಿಂದ ಇದೆ. ಯಾವ ಉತ್ತರಕ್ಕೂ ಇಳಿದಿಲ್ಲ. ಅವರ ಸೊಸೆ ನೆಂಟರು ಬಂದಾಗ ಡಬ್ಬಿಯ ಮೇಲೆ ಕರವಸ್ತ್ರ ಹಾಕುತ್ತಾಳೆ.

ನಲವತ್ತಮೂರು ವರ್ಷ ಆ ನಾಲ್ಕನೆಯ ಪ್ರಶ್ನೆಗೆ ಮಕ್ಕಳನ್ನು ತಯಾರು ಮಾಡಿದವನು ನಾನು. ಮಾದರಿ ಉತ್ತರ ಬರೆಯುವವನೂ ನಾನೇ. ವಯಸ್ಸು ಎಪ್ಪತ್ತೊಂದಾದರೂ ಬಿಟ್ಟಿರಲಿಲ್ಲ. ತರಗತಿಯಲ್ಲಿ ನಾನು ಹೇಳುತ್ತಿದ್ದ ಕ್ರಮ ಇಷ್ಟೇ. ಅಪರಿಚಿತ ಪದ್ಯದ ಮನೆಗೆ ಬರಿಗೈಯಲ್ಲಿ ಹೋಗಬೇಕು. ಮೊದಲ ಸಲ ಕಿವಿಯಿಂದ ಓದಬೇಕು, ಅರ್ಥ ಹುಡುಕಬಾರದು. ಎರಡನೆಯ ಸಲ, ಯಾರು ಯಾರಿಗೆ ಹೇಳುತ್ತಿದ್ದಾರೆ ಎಂದು ನೋಡಬೇಕು. ಮೂರನೆಯ ಸಲ, ಅಲ್ಲಿ ಒಗ್ಗದೆ ಕೂತ ಮಾತು ಯಾವುದೆಂದು ಹುಡುಕಿ ಅದರ ಪಕ್ಕದಲ್ಲಿ ಕೂರಬೇಕು. ಪದ್ಯದಲ್ಲಿ ಇಲ್ಲದ್ದನ್ನು ಬರೆದರೆ ಅಂಕ ಇಲ್ಲ. ಮಕ್ಕಳು ಇದನ್ನೆಲ್ಲ ಬರೆದುಕೊಳ್ಳುತ್ತಿದ್ದರು. ಪರೀಕ್ಷೆಯಲ್ಲಿ ಮಾತ್ರ ‘ಕವಿಯು ಇಲ್ಲಿ ಅತ್ಯಂತ ಮನೋಜ್ಞವಾಗಿ ವರ್ಣಿಸಿದ್ದಾನೆ’ ಎಂದು ಶುರುಮಾಡುತ್ತಿದ್ದರು. ಅದಕ್ಕೂ ನಾನು ಅಂಕ ಕೊಡುತ್ತಿದ್ದೆ ಎಂಬುದನ್ನು ಮುಚ್ಚಿಡುವುದಿಲ್ಲ.

ಭಾಗೀರತಿಯ ಸಾಲುಗಳನ್ನು ನಕಲು ಮಾಡಿ ಶಾಲೆಗೆ ಒಯ್ದಾಗ ನಂಜುಂಡಾರಾಧ್ಯ ಎದ್ದು ನಿಂತ. ನನ್ನ ಶಿಷ್ಯ, ಈಗ ನನ್ನ ಜೊತೆಯ ಮೇಷ್ಟರು. ಕಾಗದವನ್ನು ಎರಡು ಕೈಯಲ್ಲಿ ತೆಗೆದುಕೊಂಡು, “ಗುರುಗಳೇ, ಈ ಸಲ ಮಾದರಿ ಉತ್ತರ ನಾನು ಬರೀತೀನಿ. ನೀವು ಮನೆಯವರಾದಿರಿ” ಎಂದ.

“ನಲವತ್ತಮೂರು ವರ್ಷ ಬರೆದವನು ನಾನು ಕಣಯ್ಯ.”

“ಅದಕ್ಕೇ ಹೇಳಿದ್ದು. ಕಟ್ಟಳೆ ನೀವೇ ನನಗೆ ಕಲಿಸಿದ್ದು.”

“ಬರೆದಾಗಿದೆ” ಎಂದು ಜೇಬಿನಿಂದ ತೆಗೆದು ಅವನ ಮುಂದೆ ಇಟ್ಟೆ. ಹಿಂದಿನ ದಿನವೇ ಬರೆದಿದ್ದೆ. ‘ಇಲ್ಲಿ ಮಾತನಾಡುವವಳು ಹೆಂಡತಿ. ಕೇಳಬೇಕಾದವನು ಗಂಡ. ಕಾದು ಕಾದು ನಿರಾಶಳಾದವಳ ದೂರು ಇದು. ಗಂಡನ ಅಲಕ್ಷ್ಯವೇ ಪದ್ಯದ ವಸ್ತು.’ ಊರೆಲ್ಲ ಕೇಳುವಂತೆ ಅದನ್ನು ನನ್ನ ಮನೆಯಲ್ಲಿ ಓದಲಿ, ಅಷ್ಟಾದರೂ ಶಿಕ್ಷೆಯಾಗಲಿ ಎಂದು ನನ್ನ ಮನಸ್ಸಿನಲ್ಲಿತ್ತು. ಆರಾಧ್ಯ ಅದನ್ನು ಓದಿ ನನ್ನ ಮುಖ ನೋಡಲಾರದೆ ಕಿಟಕಿಯ ಕಡೆ ನೋಡಿದ. ಮರುಮಾತಾಡಲಿಲ್ಲ. ಗುರುವಿನ ಎದುರು ಮಾತಾಡದಿರುವುದನ್ನೂ ನಾನೇ ಅವನಿಗೆ ಕಲಿಸಿದ್ದೆ.

ಪರೀಕ್ಷೆಗೆ ಇಪ್ಪತ್ತೊಂಬತ್ತು ಜನ ಕೂತರು. ಆರಾಧ್ಯ ನನ್ನ ಮಾದರಿ ಇಟ್ಟುಕೊಂಡು ತಿದ್ದಿದ. ಒಂದು ಭಾನುವಾರ ಬೆಳಿಗ್ಗೆ, ಎಲ್ಲಕ್ಕಿಂತ ಹೆಚ್ಚು ಅಂಕ ಬಂದ ಉತ್ತರ ಹಿಡಿದುಕೊಂಡು ನಮ್ಮ ಮನೆಗೆ ಬಂದ. ಕಟ್ಟಳೆಯಂತೆ ನೆರೆಮನೆಯವರೊಬ್ಬರು ಸಾಕ್ಷಿಗೆ ಇರಬೇಕು. ಪಕ್ಕದ ಮನೆಯ ದೊಡ್ಡಮ್ಮಣ್ಣಿ ಎಲೆಯಡಿಕೆ ಜಗಿಯುತ್ತ ಬಂದು ಕಂಬಕ್ಕೆ ಒರಗಿ ಕೂತಳು. ಗಂಡನನ್ನು ಕಳೆದುಕೊಂಡು, ಗಾಣ ನಡೆಸಿ, ನಾಲ್ಕು ಮಕ್ಕಳನ್ನು ದಡ ಹತ್ತಿಸಿದ ಹೆಂಗಸು, ಯಾರಿಗೂ ಹೆದರುವವಳಲ್ಲ. ನಾನು ಮಣೆಯನ್ನು ಮಗುಚಿ ಕಂಬಳಿಯ ಮೇಲೆ ಇಟ್ಟು, ಕುಂಕುಮ ಹಚ್ಚಿ, ಕೈಮುಗಿದು ಕೂತೆ.

ಆರಾಧ್ಯ ಓದಿದ. ‘ಕವಯಿತ್ರಿಯು ಇಲ್ಲಿ ವಿರಹವನ್ನು ಅತ್ಯಂತ ಮನೋಜ್ಞವಾಗಿ...’ ಎರಡು ಪುಟವಿತ್ತು. ನಾನು ತಲೆ ತಗ್ಗಿಸಿ ಕೇಳಿದೆ. ಪ್ರತಿ ವಾಕ್ಯವೂ ನನ್ನ ಎದೆಗೇ ಬಿದ್ದಿತು. ಮುಗಿದ ಮೇಲೆ ತಲೆಯೆತ್ತಿ ನೋಡಿದರೆ ಆರು ಸಾಲುಗಳೂ ಇದ್ದಲ್ಲೇ ಇದ್ದವು. ಒಂದು ಕೊಂಬು, ಒಂದು ಸೊನ್ನೆ ಕೂಡ ಮಾಸಿರಲಿಲ್ಲ.

“ಇನ್ನೊಂದು ಓದು” ಎಂದೆ.

ಅವನು ಚೀಲದಲ್ಲಿದ್ದ ಎರಡನೆಯ ಅಂಕದ್ದು ಓದಿದ, ಮೂರನೆಯದು ಓದಿದ. ಎಲ್ಲದರಲ್ಲೂ ಹೆಂಡತಿ ಕಾದಳು, ಗಂಡ ಬರಲಿಲ್ಲ. ಅಕ್ಷರಗಳು ಅಲುಗಲಿಲ್ಲ. ಆರಾಧ್ಯ ಕಾಗದಗಳನ್ನು ಚೀಲಕ್ಕೆ ಹಾಕಿದ. “ಇಪ್ಪತ್ತೆಂಟು ಜನರೂ ಇದನ್ನೇ ಬರೆದಿದ್ದಾರೆ ಗುರುಗಳೇ” ಎಂದ. “ಮಕ್ಕಳಿಗೆ ಗೊತ್ತಾಗಿಹೋಗಿತ್ತು, ಇದು ಅಮ್ಮನವರದು ಅಂತ. ನೀವು ತರಗತೀಲಿ ಕಣ್ಣೊರೆಸಿಕೊಳ್ಳೋದು ನೋಡಿದ್ದರು. ನಿಮ್ಮ ದುಃಖ ನೋಡಿ ಪದ್ಯಕ್ಕೆ ಅರ್ಥ ಬರೆದರು.”

“ಇಪ್ಪತ್ತೆಂಟು ಅಂದೆ. ಕೂತವರು ಇಪ್ಪತ್ತೊಂಬತ್ತು.”

ಆರಾಧ್ಯ ಚೀಲದ ಬಾಯಿ ಮುಚ್ಚಿದ. “ಅದು ಫೇಲಾಗಿದೆ. ಇಪ್ಪತ್ತಕ್ಕೆ ಮೂರು. ಹೊಳೆಯಾಚೆ ಸುಣ್ಣದ ಗೂಡಿನ ಮಾಳವ್ವನದು.”

ಮಾಳವ್ವನನ್ನು ನಾನು ಬಲ್ಲೆ. ಮೂವತ್ತು ದಾಟಿದ ಹೆಂಗಸು; ತರಗತಿಗೆ ಬರದೆ ಹೊರಗಿನಿಂದ ಪರೀಕ್ಷೆಗೆ ಮಾತ್ರ ಕೂರುತ್ತಿದ್ದಳು. ಗೂಡಿನಲ್ಲಿ ಸುಣ್ಣ ಬೇಯಿಸಿ ಬೇಯಿಸಿ ಕೈ ಬಿರಿದಿದ್ದವು. ಈ ಪರೀಕ್ಷೆ ಪಾಸಾದರೆ ಆಕೆಗೆ ಹೊಳೆಯಾಚೆಯ ಶಿಶುವಿಹಾರದಲ್ಲಿ ಕೆಲಸ ಸಿಗುತ್ತಿತ್ತು, ಹೊಗೆಯಿಂದ ಬಿಡುಗಡೆ. ಬೇರೆಲ್ಲ ಪ್ರಶ್ನೆಗಳಲ್ಲಿ ತೇರ್ಗಡೆಯಾಗಿ ನಾಲ್ಕನೆಯದರಲ್ಲಿ ಬಿದ್ದಿದ್ದಳು, ಇದಕ್ಕೂ ಹಿಂದೆ ಒಂದು ಸಲವಲ್ಲ, ಮೂರು ಸಲ. ಮೂರು ಸಲವೂ ಬೀಳಿಸಿದವನು ನಾನೇ. ಎರಡು ಮೂರು ವಾಕ್ಯ ಬರೆದು ಬಿಡುತ್ತಿದ್ದಳು. ಕೆಂಪು ಶಾಯಿಯಲ್ಲಿ ‘ಸಾಲದು’ ಎಂದು ಬರೆದು ಕಳಿಸುತ್ತಿದ್ದೆ. ಒಮ್ಮೆ ಶಾಲೆಯ ಜಗಲಿಗೇ ಬಂದು, “ಏನು ಸಾಲದು ಮೇಷ್ಟ್ರೇ? ಅಲ್ಲಿರೋದೇ ಅಷ್ಟು” ಎಂದು ಕೇಳಿದ್ದಳು. ನಾನು ನಗುತ್ತ ನನ್ನ ಕ್ರಮವನ್ನೆಲ್ಲ ಹೇಳಿ, “ಈ ದಾರೀಲಿ ನಡಿ, ಹೆಜ್ಜೆ ಹೆಜ್ಜೆಗೂ ಏನು ಕಂಡಿತೋ ಬರಿ” ಎಂದಿದ್ದೆ. ಆಕೆ ಜಗಲಿಯ ಮೇಲೆ ಬೆರಳಿನಿಂದ ಒಂದು, ಎರಡು, ಮೂರು ಎಂದು ಗೆರೆ ಎಳೆದು ನೆನಪಿಟ್ಟುಕೊಂಡು ಹೋದಳು.

“ತಂದಿದ್ದೀಯಾ?” ಎಂದೆ.

“ತಂದಿದ್ದೀನಿ. ಆದರೆ ಗುರುಗಳೇ, ಇದು...”

ದೊಡ್ಡಮ್ಮಣ್ಣಿ ಅಂಗಳದ ಮೂಲೆಗೆ ಹೋಗಿ ಉಗಿದು ಬಂದು, “ಓದಯ್ಯ ಸ್ವಾಮಿ, ಫೇಲಾದೋರಿಗೇನು ಬಾಯಿಲ್ವಾ? ಪಾಸಾದೋರು ಕೊರೆದಿದ್ದು ಮೂರು ಕೇಳಿದ್ದಾಯ್ತು” ಎಂದಳು.

ಆರಾಧ್ಯ ಕನ್ನಡಕ ಒರೆಸಿಕೊಂಡು ಓದತೊಡಗಿದ. ಆ ಉತ್ತರ ನನ್ನಲ್ಲಿ ಇನ್ನೂ ಇದೆ. ಇದ್ದದ್ದನ್ನು ಇದ್ದ ಹಾಗೇ ಬರೆಯುತ್ತೇನೆ.

‘ಮೊದಲ ಸಲ ಕಿವಿಯಿಂದ ಓದಿದೆ. ಬರಲಿಲ್ಲ ಎಂದು ಮೂರು ಸಲ ಕೇಳಿತು. ನಾಲ್ಕನೆಯ ಸಾಲಿನಲ್ಲೂ ಕೇಳುತ್ತದೆ ಎಂದುಕೊಂಡೆ. ಕೇಳಲಿಲ್ಲ. ಅಲ್ಲಿ ಯಾರೋ ಬಂದರು. ನೋಡಿದರೆ ನಾಯಿ.

‘ಎರಡನೆಯ ಸಲ ಯಾರು ಯಾರಿಗೆ ಎಂದು ನೋಡಿದೆ. ಹೆಂಡತಿ ಗಂಡನಿಗೆ ಎಂದು ಬರೆದು ಹೊಡೆದು ಹಾಕಿದ್ದೇನೆ. ಗಂಡ ಉಣ್ಣಲು ಬಾರದಿದ್ದರೆ ಅವನ ಪಾಲನ್ನು ಮುಚ್ಚಿಡುತ್ತಾರೆ. ಬೇರೆಯವರಿಗೆ ಬಡಿಸುವುದಿಲ್ಲ. ಇಲ್ಲಿ ಬಂದವರೆಲ್ಲ ಉಂಡು ಹೋಗಿದ್ದಾರೆ. ಆದ್ದರಿಂದ ಆ ಎಲೆ ಗಂಡನದಲ್ಲ.’

ಇಷ್ಟು ಓದುವಾಗ ದೊಡ್ಡಮ್ಮಣ್ಣಿ, “ಅಯ್ಯೋ ನಮ್ಮವ್ವ” ಎಂದು ಎದೆಯ ಮೇಲೆ ಕೈ ಇಟ್ಟುಕೊಂಡಳು. ನಾನು ಮಣೆ ನೋಡಿದೆ. ಮೊದಲನೆಯ ಸಾಲು ಇರಲಿಲ್ಲ. ಹಲಸಿನ ಮರದ ಹಳದಿ ಗೆರೆಗಳು ಮಾತ್ರ ಅಲ್ಲಿದ್ದವು. ನೋಡುತ್ತಿದ್ದಂತೆಯೇ ಎರಡನೆಯದೂ ಒಂದು ತುದಿಯಿಂದ ಇಳಿಯುತ್ತ ಹೋಯಿತು. ಆರಾಧ್ಯ ಓದು ಬಿಟ್ಟು ಮಣೆಯ ಕಡೆ ಬಗ್ಗಿದ. “ನಿಲ್ಲಿಸಬೇಡ” ಎಂದೆ.

‘ನಾಯಿಯನ್ನು ಹೆಸರು ಕೇಳಿದೆ ಎಂದರೆ, ಬರಬೇಕಾದವರ ಹೆಸರು ಇವಳಿಗೆ ಗೊತ್ತಿಲ್ಲ. ಮುಖವೂ ಗೊತ್ತಿಲ್ಲ. ಗೊತ್ತಿದ್ದರೆ ಕಂಡಕಂಡವರನ್ನು ಕೂರಿಸಿ ನೋಡುತ್ತಿರಲಿಲ್ಲ. ಒಬ್ಬೊಬ್ಬರು ಬಂದಾಗಲೂ ಇವರೇ ಇರಬಹುದು ಎಂದು ಕೂರಿಸಿದ್ದಾಳೆ. ಉಂಡು ಎದ್ದ ಮೇಲೆ, ಅಲ್ಲ ಎಂದುಕೊಂಡಿದ್ದಾಳೆ. ನಾಯಿಯನ್ನೂ ಹಾಗೆಯೇ ನೋಡಿದ್ದಾಳೆ. ಹೀಗೆ ಕಾಯುವುದು ಮನುಷ್ಯರಿಗೆ ಅಲ್ಲ ಎಂದು ನನಗೆ ಕಾಣುತ್ತದೆ.

‘ಮೂರನೆಯ ಸಲ ಒಗ್ಗದ ಮಾತು ಹುಡುಕಿದೆ. ಅದು ಐದನೆಯ ಸಾಲಿನ ನಾಳೆಗೂ. ಮುನಿಸಿಕೊಂಡವರು ನಾಳೆಗೆ ಎಲೆ ಕೊಯ್ದಿಡುವುದಿಲ್ಲ. ಆದ್ದರಿಂದ ಇದು ದೂರು ಅಲ್ಲ. ಬರಲಿಲ್ಲ ಎನ್ನುವಾಗ ಅವಳು ಅಳುತ್ತಿಲ್ಲ. ಇವತ್ತಿನ ಕೆಲಸ ಮುಗಿಯಿತು ಎಂದು ಹೇಳುತ್ತಿದ್ದಾಳೆ.’

ಮಣೆಯ ಮೇಲೆ ಮೂರನೆಯ ಸಾಲು ಹೋಯಿತು, ನಾಲ್ಕನೆಯದು ಹೋಯಿತು. ಐದನೆಯ ಸಾಲು ಸ್ವಲ್ಪ ಹೊತ್ತು ನಿಂತು, ಬಿಸಿಲು ಬಿದ್ದ ಹಸಿಗೋಡೆಯ ತೇವ ಆರುವಂತೆ ಆರಿಹೋಯಿತು. ನಲವತ್ತಮೂರು ವರ್ಷದಲ್ಲಿ ಎಷ್ಟೋ ಮನೆಗಳಲ್ಲಿ ನಾನು ಇದನ್ನು ನೋಡಿದ್ದೆ, ಉತ್ತರ ಹಿಡಿದು ಓದುವವನಾಗಿ. ಮಣೆಯ ಈಚೆ ಕೂತು ನೋಡಿರಲಿಲ್ಲ. ದೇವರಮನೆಯಲ್ಲಿ ದಿನವೂ ಒಂದು ತಾಸು ಗಂಟೆ ಬಾರಿಸಿ, ಮಂತ್ರ ಹೇಳಿ, ಸ್ವಾಮಿಯನ್ನು ಕರೆದವನು ನಾನು. ಆದರೆ ಅವನು ಬಂದರೆ ಎಲ್ಲಿ ಕೂರಿಸಲಿ, ಏನು ಬಡಿಸಲಿ ಎಂದು ಒಂದು ದಿನವೂ ಯೋಚಿಸಿದವನಲ್ಲ.

“ಮುಗೀತಾ?” ಎಂದೆ.

“ಇನ್ನೊಂದಿಷ್ಟಿದೆ” ಎಂದು ಆರಾಧ್ಯ ಕೊನೆಯದನ್ನು ಓದಿದ. ‘ಆರನೆಯ ಸಾಲು ನನಗೆ ತಿಳಿಯಲಿಲ್ಲ. ತಿಳಿಯದ್ದನ್ನು ತಿಳಿಯಿತು ಎಂದು ಬರೆಯುವುದಿಲ್ಲ. ಓದಿದಾಗ ಕೈಮುಗಿಯಬೇಕು ಎನ್ನಿಸಿತು. ಕೈಮುಗಿದರೆ ಬರೆಯಲಾಗುವುದಿಲ್ಲ. ಹೊತ್ತೂ ಆಯಿತು.’

ಆರನೆಯ ಸಾಲು ಇಳಿಯಲಿಲ್ಲ. ಖಾಲಿ ಮಣೆಯ ಅಡಿಯಲ್ಲಿ ಅದೊಂದೇ ಉಳಿಯಿತು. ಈಗ ಎಲೆ ನಾನೇ, ಬಾ.

ಆಗ ನನಗೆ ತಿಳಿಯಿತು, ನಾನು ಆ ಸಾಲನ್ನು ಓದಿಯೇ ಇರಲಿಲ್ಲ ಎಂದು. ನನ್ನ ಮಾದರಿ ಉತ್ತರದಲ್ಲಿ ಅದರ ಸುದ್ದಿಯೇ ಇಲ್ಲ. ಒಗ್ಗದ ಮಾತಿನ ಪಕ್ಕದಲ್ಲಿ ಕೂರಿ ಎಂದು ಊರಿಗೆಲ್ಲ ಕಲಿಸಿದವನು ಒಗ್ಗದ ಎರಡು ಸಾಲುಗಳನ್ನು ದಾಟಿಕೊಂಡು, ನನ್ನ ತಪ್ಪು ಎಲ್ಲಿದೆಯೋ ಅಲ್ಲಿಗೆ ಹೋಗಿ ಕೂತಿದ್ದೆ. ಬರಿಗೈಯಲ್ಲಿ ಹೋಗಿರಲಿಲ್ಲ. ಎರಡು ಕೈತುಂಬ ನನ್ನನ್ನೇ ಹೊತ್ತುಕೊಂಡು ಹೋಗಿದ್ದೆ.

ಮದುವೆಯಾದ ಎರಡನೆಯ ವರ್ಷದ ಒಂದು ಮಾತು ನೆನಪಿಗೆ ಬಂತು. ರಜಾದಿನ ಮಧ್ಯಾಹ್ನ ಅವಳು ಹಿಂಬಾಗಿಲ ಬಳಿ ಒಂದು ಹೆಚ್ಚಿನ ಎಲೆ ಹಾಕಿದ್ದಳು. ಯಾರಿಗೆ ಎಂದು ಕೇಳಿದ್ದಕ್ಕೆ, “ಯಾರಾದರೂ ಬರಬಹುದು” ಎಂದಳು. “ಇದೇನು ಛತ್ರವಾ?” ಎಂದು ಗದರಿದ್ದೆ. ಮತ್ತೆ ಅವಳು ಎಲೆ ಹಾಕಿದ್ದು ನಾನು ನೋಡಲಿಲ್ಲ. ಬಿಟ್ಟಳು ಎಂದುಕೊಂಡು ಅದನ್ನು ಮರೆತೂಬಿಟ್ಟಿದ್ದೆ.

ದೊಡ್ಡಮ್ಮಣ್ಣಿಯ ಕಡೆ ತಿರುಗಿ, “ಅಮ್ಮಣ್ಣಿ, ನಿನಗೆ ಗೊತ್ತಿತ್ತಾ?” ಎಂದೆ.

“ಏನು ಗೊತ್ತಿತ್ತಾ? ಕೇರಿಗೇ ಗೊತ್ತು. ನಿಮಗೊಬ್ಬರಿಗೆ ಗೊತ್ತಿರಲಿಲ್ಲ ಅಂದ್ರೆ ನಂಬೋ ಮಾತಾ ಅದು?” ಎಂದಳು. ಕಣ್ಣಲ್ಲಿ ನೀರಿದ್ದರೂ ದನಿಯ ಹರಿತ ಕಡಿಮೆಯಾಗಿರಲಿಲ್ಲ. “ನೀವು ಬುತ್ತಿ ಕಟ್ಟಿಸ್ಕೊಂಡು ಆ ಕಡೆ ಹೋಗ್ತಿದ್ದ ಹಾಗೆ ಈ ಕಡೆ ಎಲೆ ಕೊಯ್ಯೋಳು. ಹನ್ನೆರಡಕ್ಕೆ ಸರಿಯಾಗಿ ಮಣೆ ಹಾಕಿ, ನೀರಿಟ್ಟು, ಬಾಗಿಲಲ್ಲಿ ನಿಲ್ಲೋಳು. ಬಳೆಗಾರ ಉಂಡ, ಪಾತ್ರೆಗೆ ಕಲಾಯಿ ಹಾಕೋ ಸಾಬಿ ಉಂಡ, ದಾರಿತಪ್ಪಿ ಬಂದೋರು ಉಂಡರು. ಯಾರೂ ಬರದಿದ್ದ ದಿನ ದನಕ್ಕೋ ನಾಯಿಗೋ. ಆಮೇಲೇ ತಾನು ಬಾಯಿಗಿಡೋಳು.”

“ನಾನು ಮನೆಯಲ್ಲಿದ್ದ ದಿನ?”

“ನಮ್ಮ ಜಗಲಿ ಇರಲಿಲ್ವಾ? ನೀವು ಉಂಡು ಮಲಗಿದ ಮೇಲೆ ಮಣೇನ ಸೆರಗಿನೊಳಗೆ ಮುಚ್ಕೊಂಡು, ಕಳ್ಳಬೆಕ್ಕಿನ ಹಂಗೆ ಗೋಡೆ ಪಕ್ಕ ಬರೋಳು. ‘ಯಾಕವ್ವ, ನಮ್ಮನೇಲಿ ಮಣೆ ಇಲ್ವಾ?’ ಅಂದ್ರೆ, ‘ಇದೇ ಆಗಬೇಕು’ ಅನ್ನೋಳು. ‘ನಮ್ಮೋರು ಕೂರೋ ಮಣೆ. ಬರೋನೂ ಇದರ ಮೇಲೇ ಕೂರಲಿ. ಬೇರೆ ಯಾಕೆ’ ಅಂತಿದ್ಲು.”

ರಾತ್ರಿ ಊಟಕ್ಕೆ ನಾನು ಕೂರುತ್ತಿದ್ದ ಮಣೆ ಮಧ್ಯಾಹ್ನ ಇನ್ನೊಬ್ಬರದಾಗಿತ್ತು. ಒಂದೇ ಕೈ, ದಿನಕ್ಕೆ ಎರಡು ಸಲ, ಇಬ್ಬರಿಗೆ ಅದನ್ನು ಹಾಕಿ ಎತ್ತಿತ್ತು.

ಒಂದು ಮಾತು ಕೇಳದೆ ಇರಲಾಗಲಿಲ್ಲ. “ಹೋದ ದಿನ ನನ್ನನ್ನ ಮಧ್ಯಾಹ್ನ ಬರ್ತೀರಾ ಅಂತ ಕೇಳಿದಳು ಅಮ್ಮಣ್ಣಿ. ನಾನು ಹೋದೆ. ನನ್ನ ಮೇಲೆ ಕೋಪ ಇತ್ತಾ ಅವಳಿಗೆ?”

“ಕೋಪವಾ! ನಿಮ್ಮ ಮೇಲೆ ಕೋಪ ಮಾಡ್ಕೊಳ್ಳೋಕೆ ಅವಳಿಗೆ ಪುರುಸೊತ್ತು ಎಲ್ಲಿತ್ತು?” ಎಂದಳು ದೊಡ್ಡಮ್ಮಣ್ಣಿ. ಆಮೇಲೆ ಸ್ವಲ್ಪ ತಗ್ಗಿದ ದನಿಯಲ್ಲಿ ಹೇಳಿದಳು. “ಅವತ್ತು ನಾನೇ ಕೈಹಿಡಿದು ಹಿಂಬಾಗಿಲಿಗೆ ಕರ್ಕೊಂಡು ಹೋಗಿ ಕೂರಿಸಿದೆ. ಎಲೆ ನಾನೇ ಹಾಕ್ದೆ. ‘ಇವತ್ತು ನಮ್ಮೋರನ್ನೇ ಕೂರಿಸಿಬಿಡೋಣ ಅಂತಿದ್ದೆ ಅಮ್ಮಣ್ಣಿ, ಅವರಿಗೆ ತಿದ್ದೋದಿದೆಯಂತೆ’ ಅಂತ ನಕ್ಕಳು. ಸೊಗಸಾಗಿ ನಕ್ಕಳು ಕಣ್ರೀ. ಗಾಣ ನೋಡೋದಿತ್ತು, ನಾನು ಹೊರಟೆ. ಬಾಗಿಲಲ್ಲಿ ಕೇರೀಲಿ ತಿರುಗೋ ಒಂದು ಬಿಳೀ ನಾಯಿ ನಿಂತಿತ್ತು. ನೀವು ಕೂಗಿದಾಗ ಓಡಿಬಂದು ನೋಡ್ತೀನಿ, ಎಲೆ ಖಾಲಿ. ನೀವು ಅವಳ ಮುಖ ಬಿಟ್ಟು ಬೇರೇನೂ ನೋಡ್ತಿರಲಿಲ್ಲ, ನಾನೇ ತೆಗೆದು ಹಾಕ್ದೆ.”

ಅದನ್ನು ಕೇಳಿ ನನಗೆ ಸಮಾಧಾನವಾಯಿತು ಎಂದರೆ ಪೂರ್ತಿ ನಿಜವಲ್ಲ. ಆ ದಿನ ನಾನು ಹೋಗಿದ್ದರೆ, ನಲವತ್ತಾರು ವರ್ಷ ಒಬ್ಬರಿಗಾಗಿ ಹಾಕಿದ ಎಲೆಯ ಮುಂದೆ ಅವಳು ನನ್ನನ್ನು ಕೂರಿಸುತ್ತಿದ್ದಳು. ಅದು ತಪ್ಪಿತು, ಇನ್ನು ಸಿಗುವುದಿಲ್ಲ. ಆದರೆ ಅವಳು ನನ್ನನ್ನು ದೂರಿ ಹೋಗಲಿಲ್ಲ. ನನ್ನ ದುಃಖ ಇದ್ದಷ್ಟೇ ಇತ್ತು. ಅದರೊಳಗಿನ ಮುಳ್ಳು ಮಾತ್ರ ಇರಲಿಲ್ಲ. ನಾನು ಎದ್ದು ಆ ಮಣೆಗೆ ಅಡ್ಡಬಿದ್ದೆ. ಗಂಡನಾದವನು ಹೆಂಡತಿಯ ಸಾಲಿಗೆ ಅಡ್ಡಬೀಳುವ ಪದ್ಧತಿ ನಮ್ಮೂರಿನಲ್ಲಿ ಇಲ್ಲ. ಆರಾಧ್ಯ ಬೇರೆ ಕಡೆ ನೋಡಿದ. ದೊಡ್ಡಮ್ಮಣ್ಣಿ ನೋಡುತ್ತಲೇ ಇದ್ದಳು.

ಎದ್ದ ಮೇಲೆ ಮಾಳವ್ವನ ಉತ್ತರಪತ್ರಿಕೆ ಕೇಳಿ ತೆಗೆದುಕೊಂಡೆ. ಇಪ್ಪತ್ತಕ್ಕೆ ಮೂರು ಎಂಬುದನ್ನು ಹೊಡೆದು ಇಪ್ಪತ್ತು ಹಾಕಿದೆ.

“ಆರನೆಯ ಸಾಲಿಗೆ ಅರ್ಥ ಬರೆದಿಲ್ಲವಲ್ಲ ಗುರುಗಳೇ” ಎಂದ ಆರಾಧ್ಯ. ಪಾಪ, ಅವನು ಕೇಳಿದ್ದು ನ್ಯಾಯವೇ.

“ಬರೆದಿಲ್ಲ. ತಿಳಿಯಲಿಲ್ಲ ಅಂತ ಬರೆದಿದ್ದಾಳೆ. ನಾನು ಅದನ್ನೂ ಬರೆಯಲಿಲ್ಲ” ಎಂದೆ. ಕೆಂಪು ಶಾಯಿಯಲ್ಲಿ, ಮೂರು ಸಲ ‘ಸಾಲದು’ ಎಂದು ಬರೆದ ಅದೇ ಕೈಯಲ್ಲಿ, ‘ಸಾಕು’ ಎಂದು ಬರೆದು ಸಹಿ ಹಾಕಿದೆ. ಆಮೇಲೆ ನನ್ನ ಮಾದರಿ ಉತ್ತರವನ್ನು ಅವನಿಂದ ಇಸಿದುಕೊಂಡು ಒಲೆಗೆ ಹಾಕಿದೆ. ಮುಂದಿನ ವರ್ಷದಿಂದ ನಾಲ್ಕನೆಯ ಪ್ರಶ್ನೆಗೆ ಮಾದರಿ ಉತ್ತರ ಬೇಡ ಎಂದು ಹೇಳಿದೆ. ಅವನು ಒಪ್ಪಿದನೋ ಇಲ್ಲವೋ. ಗುರುವಿನ ಎದುರು ಮಾತಾಡಲಿಲ್ಲ. ಬೆಲ್ಲ ಹಂಚುವುದೋ ಬೇಡವೋ ಎಂಬುದು ದೊಡ್ಡಮ್ಮಣ್ಣಿಗೆ ಪ್ರಶ್ನೆಯಾಯಿತು. ಐದು ಸಾಲು ಇಳಿದು ಒಂದು ಉಳಿದದ್ದು ಊರಿನಲ್ಲಿ ಹಿಂದೆಂದೂ ಆಗಿರಲಿಲ್ಲ. ಕಡೆಗೆ ಅವಳೇ, “ಸಣ್ಣ ಸಣ್ಣ ಚೂರು ಹಂಚಿ, ತಪ್ಪಿಲ್ಲ” ಎಂದು ತೀರ್ಮಾನ ಕೊಟ್ಟಳು.

ಮರುದಿನ ಸೋಮವಾರ. ನಾನು ಶಾಲೆಗೆ ಹೋಗಲಿಲ್ಲ. ಹಿತ್ತಲಿನಲ್ಲಿ ಎರಡು ಬಾಳೆ ಎಲೆ ಕೊಯ್ದೆ. ನನಗೆ ಬರುವ ಅಡುಗೆ ಅನ್ನ, ತೊವ್ವೆ ಎರಡೇ. ಹನ್ನೆರಡಕ್ಕೆ ಹಿಂಬಾಗಿಲ ಬಳಿ ನೆಲ ಸಾರಿಸಿ, ಮಣೆ ಹಾಕಿ, ಎಲೆ ಹಾಸಿ, ನೀರಿಟ್ಟೆ. ಬಾಗಿಲಲ್ಲಿ ನಿಂತೆ. ನನಗೆ ಮಂತ್ರ ಬರುತ್ತದೆ. ಸುಮ್ಮನೆ ನಿಂತು ಕಾಯುವುದು ಬರುವುದಿಲ್ಲ.

ಸ್ವಲ್ಪ ಹೊತ್ತಿಗೆ ಹಿತ್ತಲ ದಾರಿಯಲ್ಲಿ ಮಾಳವ್ವ ಬಂದಳು. ಸೀರೆಯ ಅಂಚೆಲ್ಲ ಸುಣ್ಣ. ಹೊಳೆ ದಾಟಿ ಓಡುತ್ತ ಬಂದವಳಿಗೆ ಉಸಿರು ಸಿಕ್ಕುತ್ತಿರಲಿಲ್ಲ. “ಮೇಷ್ಟ್ರೇ, ಇಪ್ಪತ್ತಕ್ಕೆ ಇಪ್ಪತ್ತು ಅಂತ ಆರಾಧ್ಯ ಮೇಷ್ಟ್ರು ಹೇಳಿಕಳಿಸವ್ರೆ. ತಮಾಷೆ ಮಾಡ್ತಾವ್ರೋ ಏನೋ ಅಂತ ಕೇಳೋಕೆ ಬಂದೆ.”

“ತಮಾಷೆ ಅಲ್ಲ. ಕೈಕಾಲು ತೊಳ್ಕೊಂಡು ಬಾ. ಎಲೆ ಹಾಕಿದೆ.”

ಅವಳು ಎಲೆ ನೋಡಿದಳು, ಮಣೆ ನೋಡಿದಳು, ಬಾಗಿಲು ನೋಡಿದಳು. ಪದ್ಯ ಯಾರ ಮನೆಯದು ಎಂದು ಅವಳಿಗೆ ಆಗ ತಿಳಿಯಿತು. ಬಾಯಿಗೆ ಸೆರಗು ಒತ್ತಿಕೊಂಡಳು. “ನಾನು ಕೂರಬಾರದು ಮೇಷ್ಟ್ರೇ. ಇದು ಬೇರೆಯೋರಿಗೆ ಹಾಕಿದ್ದು” ಎಂದಳು.

“ನೀನೇ ಬರೆದಿದ್ದೀಯಲ್ಲ ತಾಯಿ, ಒಬ್ಬೊಬ್ಬರು ಬಂದಾಗಲೂ ಇವರೇ ಇರಬಹುದು ಅಂತ ಕೂರಿಸಿದಳು ಎಂದು. ನಾನೂ ಹಾಗೇ ನೋಡ್ತೀನಿ. ಕೂತ್ಕೋ.”

ಅವಳು ಮಣೆಗೆ ಕೈಮುಗಿದು, ಅದರ ತುದಿಯಲ್ಲಿ ಕೂತಳು. ನಾನು ಬಡಿಸಿದೆ. ತೊವ್ವೆಗೆ ಉಪ್ಪು ಮರೆತಿದ್ದೆ. ಅವಳು ಎರಡು ತುತ್ತು ಸುಮ್ಮನೆ ಉಂಡು, ಮೂರನೆಯದಕ್ಕೆ, “ಮೇಷ್ಟ್ರೇ, ಉಪ್ಪು ಸಾಲದು” ಎಂದಳು. ಭಾಗೀರತಿ ಹೋದ ಮೇಲೆ ನಾನು ನಕ್ಕಿದ್ದು ಅವತ್ತೇ ಮೊದಲು.

ಇದಾಗಿ ಆರು ತಿಂಗಳಾಯಿತು. ಮಾಳವ್ವ ಈಗ ಶಿಶುವಿಹಾರದಲ್ಲಿದ್ದಾಳೆ. ನಾನು ಬುತ್ತಿ ಒಯ್ಯುವುದನ್ನು ಬಿಟ್ಟಿದ್ದೇನೆ. ಹನ್ನೊಂದೂವರೆಗೆ ಶಾಲೆಯಿಂದ ಮನೆಗೆ ಬರುತ್ತೇನೆ. ಮಣೆಯ ಕೆಳಗೆ ಆರನೆಯ ಸಾಲು ಹಾಗೇ ಇದೆ. ದಿನವೂ ಮಣೆ ಹಾಕುವ ಮೊದಲು ಅದನ್ನು ತಿರುಗಿಸಿ, ಒರೆಸಿ, ಒಮ್ಮೆ ಕಿವಿಯಿಂದ ಓದುತ್ತೇನೆ. ಅರ್ಥ ಹುಡುಕುವುದಿಲ್ಲ. ನಿನ್ನೆ ಮಧ್ಯಾಹ್ನ ಒಂದು ಗಂಟೆಯವರೆಗೂ ಯಾರೂ ಬರಲಿಲ್ಲ. ಅನ್ನ ಆರಿತು. ಮತ್ತೆ ಬಾಗಿಲಿಗೆ ಹೋದಾಗ ಆ ಬಿಳಿಯ ನಾಯಿ ಹೊಸಿಲ ಆಚೆ ನಿಂತು ನನ್ನ ಮುಖವನ್ನೇ ನೋಡುತ್ತಿತ್ತು. ನಾನು ಅಂಗವಸ್ತ್ರವನ್ನು ಸೊಂಟಕ್ಕೆ ಸುತ್ತಿಕೊಂಡು, ಅದರ ಮುಂದೆ ಬಗ್ಗಿ, ಹೆಸರು ಕೇಳಿದೆ.